ನಲವತ್ತು ದಾಟಿದ ಮೇಲೆ ಯಕ್ಷಗಾನದ ಹೆಜ್ಜೆ ಕಲಿಯಬಹುದಾ? ಖಂಡಿತ ಕಲಿಯಬಹುದು

ನಿಮ್ಮ ಪ್ರಶ್ನೆ ಓದಿದೆ. ನಲವತ್ತೆರಡು ವಯಸ್ಸು, ದಿನವಿಡೀ ಕುರ್ಚಿ, ಜಿಮ್‌ಗೆ ಎರಡು ಸಲ ದುಡ್ಡು ಕಟ್ಟಿ ಬಿಟ್ಟಿದ್ದೀರಿ. ವಾಕಿಂಗ್ ಹೋದರೂ ತಲೆಯೊಳಗೆ ಆಫೀಸೇ ಓಡುತ್ತಿರುತ್ತದೆ ಅಂತ ಬರೆದಿದ್ದೀರಿ. ಮೈಗೂ ಮನಸ್ಸಿಗೂ ಸವಾಲಾಗುವಂಥದ್ದು ಏನಾದರೂ ಇದೆಯಾ ಅನ್ನೋದು ನಿಮ್ಮ ಪ್ರಶ್ನೆ. ನಾನೂ ಇದೇ ಹುಡುಕಾಟದಲ್ಲಿದ್ದವಳು. ನನಗೆ ಸಿಕ್ಕಿದ್ದು ಯಕ್ಷಗಾನದ ಕುಣಿತ. ವೇಷ ಕಟ್ಟಿ ರಂಗಕ್ಕೆ ಹೋಗಲೇಬೇಕು ಅಂತೇನಿಲ್ಲ, ಹೆಜ್ಜೆ ಕಲಿತರೂ ಸಾಕು.

ನಾನು ಶಿರಸಿ ಕಡೆಯವಳು. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಸಣ್ಣವಳಿದ್ದಾಗ ಯಕ್ಷಗಾನದ ಆಟ ನೋಡುತ್ತಾ ನೋಡುತ್ತಾ ಅಮ್ಮಮ್ಮನ ತೊಡೆ ಮೇಲೆ ನಿದ್ದೆ ಹೋಗಿದ್ದು ಬಿಟ್ಟರೆ ಅದಕ್ಕೂ ನನಗೂ ನಂಟಿರಲಿಲ್ಲ. 43ನೇ ವಯಸ್ಸಿಗೆ ತರಗತಿ ಸೇರಿದೆ. ಭಾನುವಾರ ಬೆಳಿಗ್ಗೆ, ಎರಡು ಗಂಟೆ ಕಾಲ.

ಮೊದಲ ದಿನ ಗುರುಗಳು ಕುಣಿಸಲೇ ಇಲ್ಲ. ನೆಲದ ಮೇಲೆ ಕೂರಿಸಿ ಬಾಯಿತಾಳ ಹೇಳಿಸಿದರು. ತಕಿಟ ತಕಧಿಮಿ, ತಕಿಟ ತಕಧಿಮಿ. ಏಳು ಅಕ್ಷರ, ತ್ರಿವುಡೆ ತಾಳ. ಏಳರವರೆಗೆ ಹೋಗಿ ಮತ್ತೆ ಒಂದರ ಮೇಲೆ ಸರಿಯಾಗಿ ಬಂದು ಬೀಳೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಆಮೇಲೆ ಎದ್ದು ನಿಲ್ಲಿಸಿದರು. ಪಾದ ಹೊರಕ್ಕೆ, ಮೊಣಕಾಲು ಮಡಚಿ, ಬೆನ್ನು ನೆಟ್ಟಗೆ. ಹತ್ತು ನಿಮಿಷಕ್ಕೆ ತೊಡೆ ನಡುಗೋಕೆ ಶುರುವಾಯಿತು. ಮರುದಿನ ಮೆಟ್ಟಿಲು ಇಳಿಯೋವಾಗ ಕಂಬಿ ಹಿಡಿದುಕೊಳ್ಳಬೇಕಾಯಿತು. ವರ್ಷಗಟ್ಟಲೆ ಕುರ್ಚಿಯಲ್ಲೇ ಕೂತ ಸೊಂಟ, ತೊಡೆ, ಮೀನಖಂಡಕ್ಕೆ ಒಂದೇ ದಿನ ಕೆಲಸ ಬಿದ್ದಿತ್ತಲ್ಲ!

ಆದರೆ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾಗಿರೋದು ಬೆವರಿನ ವಿಷಯ ಅಲ್ಲ. ಮೂರನೇ ತಿಂಗಳಲ್ಲಿ ಮೊದಲ ಸಲ ಕಾಲಿಗೆ ಗೆಜ್ಜೆ ಕಟ್ಟಿದರು. ಅಲ್ಲಿಯವರೆಗೆ ನನ್ನ ಹೆಜ್ಜೆ ಸರಿಯಾಗಿಯೇ ಇದೆ ಅಂದುಕೊಂಡಿದ್ದೆ. ಗೆಜ್ಜೆ ಕಟ್ಟಿದ ಕೂಡಲೇ ನಿಜ ಕೇಳಿಸಿತು. ಗುರುಗಳ ಕೈಯ ತಾಳ "ಠಣ್" ಅಂದ ಮೇಲೆ, ಕೂದಲೆಳೆಯಷ್ಟು ತಡವಾಗಿ ನನ್ನ ಬಲಗಾಲಿನ ಗೆಜ್ಜೆ "ಝಲ್" ಅನ್ನುತ್ತಿತ್ತು. ಪ್ರತಿ ಸಲವೂ ಬಲಗಾಲೇ. ನಾನು ತಲೆ ಬಗ್ಗಿಸಿ ಕಾಲನ್ನೇ ನೋಡುತ್ತಿದ್ದೆ. "ಕಾಲು ನೋಡಬೇಡ ತಂಗಿ, ತಾಳ ಕೇಳು" ಅಂದರು. ತಲೆ ಎತ್ತಿ ಕೇಳಿದೆ. ಎಷ್ಟೋ ಹೊತ್ತಿನ ಮೇಲೆ ಎರಡೂ ಶಬ್ದ ಸೇರಿ ಒಂದೇ ಆಯಿತು. ನಾಲ್ಕೇ ಆವರ್ತ, ಅಂದರೆ ತಾಳದ ನಾಲ್ಕು ಸುತ್ತು. ಐದನೆಯದಕ್ಕೆ ಮತ್ತೆ ತಪ್ಪಿತು. ಆದರೆ ಆ ನಾಲ್ಕು ಆವರ್ತದಲ್ಲಿ ಬ್ಯಾಂಕು, ಸಾಲದ ಫೈಲು, ಮಗನ ಪರೀಕ್ಷೆ ಯಾವುದೂ ನನ್ನ ತಲೆಯಲ್ಲಿರಲಿಲ್ಲ. ವಾಕಿಂಗ್‌ನಲ್ಲಿ ಕಾಲು ತನ್ನಷ್ಟಕ್ಕೆ ನಡೆಯುತ್ತದೆ, ಮನಸ್ಸು ಎಲ್ಲೋ ಅಲೆಯುತ್ತದೆ. ಇಲ್ಲಿ ಮನಸ್ಸು ಒಂದು ಚೂರು ಆಚೆ ಹೋದರೂ ಗೆಜ್ಜೆ ಹೇಳಿಬಿಡುತ್ತದೆ. ನೀವು ಕೇಳಿದ ಹೊಸ ಚೈತನ್ಯ ನನಗೆ ಸಿಕ್ಕಿದ್ದು ಅಲ್ಲಿಂದಲೇ. ಕಷ್ಟ ಇರೋದರಿಂದಲೇ ಅದು ಸಿಗುತ್ತದೆ, ಸುಲಭ ಆಗಿದ್ದರೆ ಮತ್ತೆ ಆಫೀಸು ಒಳಗೆ ಬರುತ್ತಿತ್ತು.

ಒಂದು ತಪ್ಪು ಮಾತ್ರ ನೀವು ಮಾಡಬೇಡಿ. ನಾನು ಕಲಿಯುತ್ತಿರೋದು ಬಡಗುತಿಟ್ಟು, ಅಂದರೆ ಯಕ್ಷಗಾನದ ಉತ್ತರದ ಶೈಲಿ. ಅದರಲ್ಲಿ ಮಂಡಿ ಅಂತ ಇದೆ, ಮೊಣಕಾಲೂರಿ ಗಿರ್ರನೆ ತಿರುಗೋದು. ನೋಡೋಕೆ ಮೈ ಜುಂ ಅನ್ನುತ್ತದೆ. ಗುರುಗಳು "ಒಂದು ವರ್ಷ ಮಂಡಿ ಬೇಡ" ಅಂತ ಹೇಳಿದ್ದರು. ನಾನು ಆರನೇ ತಿಂಗಳಿಗೇ ಮನೆಯ ಟೈಲ್ಸ್ ಮೇಲೆ ಪ್ರಯತ್ನಿಸಿದೆ. ಮೊಣಕಾಲು ಊದಿಕೊಂಡಿತು, ಮೂರು ವಾರ ತರಗತಿ ತಪ್ಪಿತು. ಕಲಾವಿದರು ಚಿಕ್ಕಂದಿನಿಂದ ಹದಮಾಡಿದ ಮೈಯಲ್ಲಿ ಮಾಡೋದನ್ನು ನಾವು ಅವಸರದಲ್ಲಿ ಮಾಡಬಾರದು. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಧೀಂಗಿಣವೂ ಹಾಗೆಯೇ. ಗಾಳಿಯಲ್ಲಿ ಹಾರಿ ಸುತ್ತುವ ಆ ಕುಣಿತ ಪಾದದ ಗಂಟಿಗೂ ಮೊಣಕಾಲಿಗೂ ತುಂಬಾ ಭಾರ. ನಿಮಗೆ ಮೊದಲೇ ಮೊಣಕಾಲು ನೋವು ಅಥವಾ ಬಿಪಿ ಇದ್ದರೆ ಡಾಕ್ಟರನ್ನು ಕೇಳಿ, ಗುರುಗಳಿಗೂ ಹೇಳಿಬಿಡಿ. ಮಂಡಿ, ಧೀಂಗಿಣ ಎರಡೂ ಇಲ್ಲದೆ ಕಲಿಯೋಕೆ ಬೇಕಾದಷ್ಟಿದೆ.

ವಯಸ್ಸಿನ ಚಿಂತೆ ಬಿಡಿ. ಬಡಗುತಿಟ್ಟಿನ ಹೆಸರಾಂತ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 80 ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗಕ್ಕೆ ಬಂದವರು. ಅವರ ಕೀಚಕ, ಭಸ್ಮಾಸುರ ಪಾತ್ರ ನೋಡಿದವರು ಇವತ್ತಿಗೂ ಮಾತಾಡುತ್ತಾರೆ. ಅವರದು ಜೀವಮಾನದ ಸಾಧನೆ, ನಮ್ಮದು ಭಾನುವಾರದ ಎರಡು ಗಂಟೆ, ಹೋಲಿಸೋ ಮಾತೇ ಅಲ್ಲ. ಆದರೂ ನಲವತ್ತು ದಾಟಿದರೆ ಮುಗಿದುಹೋಯಿತು ಅಂತ ಅನ್ನಿಸಿದಾಗ ನಾನು ಅವರನ್ನು ನೆನೆಸಿಕೊಳ್ಳುತ್ತೇನೆ.

ಹೇಗೆ ಶುರು ಮಾಡೋದು? ಮೊದಲು ಒಂದು ಆಟ ಎದುರು ಕೂತು ನೋಡಿ. ರಾತ್ರಿಯಿಡೀ ಕೂರೋಕೆ ಆಗದಿದ್ದರೆ ಕಾಲಮಿತಿಯ ಆಟಗಳು ಈಗ ಬೇಕಾದಷ್ಟಿವೆ. ಕಥೆ ಬಿಟ್ಟು ಬರೀ ಪಾದ ನೋಡಿ, ಚೆಂಡೆ ಕೇಳಿ. ಮೇಳಗಳ, ಅಂದರೆ ಯಕ್ಷಗಾನ ತಂಡಗಳ ತಿರುಗಾಟ ಮಳೆಗಾಲಕ್ಕೆ ಮುಂಚೆ ಮುಗಿಯುತ್ತದೆ, ಕರಾವಳಿಯಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಅನ್ನುವ ತುಳುನಾಡಿನ ಆಚರಣೆಯ ದಿನ ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಕಲಾವಿದರಿಗೆ ಸ್ವಲ್ಪ ಬಿಡುವು ಇರುತ್ತದೆ, ಕಲಿಸುವವರನ್ನು ಹುಡುಕೋಕೆ ಅದು ಒಳ್ಳೆ ಸಮಯ. ತರಗತಿಗೆ ಸೇರೋ ಮುಂಚೆ ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ದೊಡ್ಡವರಿಗೆ ತಾಳ್ಮೆಯಿಂದ ಹೇಳಿಕೊಡುತ್ತಾರಾ, ಮೊದಲು ಬಾಯಿತಾಳ ಕಲಿಸುತ್ತಾರಾ ಗಮನಿಸಿ.

ಶುರುವಿನಲ್ಲೇ ಗೆಜ್ಜೆ ಕೊಳ್ಳಬೇಡಿ. ಸಡಿಲವಾದ ಹತ್ತಿ ಬಟ್ಟೆ, ನೀರಿನ ಬಾಟಲಿ, ಬೆವರು ಒರೆಸೋಕೆ ಒಂದು ಟವೆಲ್ ಸಾಕು. ವಾರದ ಮಧ್ಯೆ ದಿನಾ ಹದಿನೈದು ನಿಮಿಷ ಬರಿಗಾಲಲ್ಲಿ ಅಭ್ಯಾಸ ಮಾಡಿ, ಕೆಳಗೆ ಚಾಪೆ ಇರಲಿ. ನಾನು ಬಸ್ಸಿನಲ್ಲಿ ಕೂತು ತೊಡೆ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಹೋಗುತ್ತೇನೆ. ಮನೆಗೆ ಬರೋ ಹೊತ್ತಿಗೆ ದಿನದ ದಣಿವು ಅರ್ಧ ಇಳಿದಿರುತ್ತದೆ.

ನೀವು ಯಾವ ಊರಲ್ಲಿದ್ದೀರಿ ಅಂತ ಬರೆದಿಲ್ಲ. ತಿಳಿಸಿದರೆ ಆ ಕಡೆ ದೊಡ್ಡವರಿಗೆ ಕಲಿಸುವವರು ಯಾರಾದರೂ ಇದ್ದಾರಾ ಅಂತ ನಮ್ಮ ಗುರುಗಳನ್ನು ಕೇಳಿ ಹೇಳುತ್ತೇನೆ.