ಹಾಸ್ಟೆಲ್‌ಗೆ ಡಿಜಿಟಲ್ ಟ್ವಿನ್: ನೀರಿನಿಂದ ಶುರು ಮಾಡಿ
ವಿಜಯಪುರದ ನಿಮ್ಮ ನಾಲ್ಕು ಮಹಡಿ ಹಾಸ್ಟೆಲ್‌ಗೆ 3ಡಿ ಮಾಡೆಲ್ ಮಾಡಿಸಿದರೆ ಅದೇ ಡಿಜಿಟಲ್ ಟ್ವಿನ್ (ಕಟ್ಟಡದ ಈಗಿನ ಸ್ಥಿತಿಯನ್ನು ತೋರಿಸುತ್ತಿರುವ ಕಂಪ್ಯೂಟರ್ ಪ್ರತಿರೂಪ) ಆಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ. ಕಟ್ಟಡದ ಸೆನ್ಸರ್‌ಗಳಿಂದ ಮಾಹಿತಿ ಬಂದು ಸೇರುತ್ತಲೇ ಇದ್ದರೆ ಮಾತ್ರ ಅದು ಟ್ವಿನ್.

ಬೇಸಿಗೆ ಬಂದರೆ ನಮ್ಮ ಕಡೆ ನೀರಿನದೇ ಚಿಂತೆ ಅಲ್ವಾ? ಅಲ್ಲಿಂದಲೇ ಶುರು ಮಾಡಿ. ಸಂಪಿಗೂ ಮೇಲಿನ ಟ್ಯಾಂಕಿಗೂ ನೀರಿನ ಮಟ್ಟ ಅಳೆಯುವ ಸೆನ್ಸರ್ ಹಾಕಿಸಿ. ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅನ್ನುವುದೂ ಗೊತ್ತಾಗಬೇಕು. ಮೋಟಾರ್ ಓಡುತ್ತಿದ್ದು, ಸಂಪು ಇಳಿದರೂ ಟ್ಯಾಂಕ್ ಏರದಿದ್ದರೆ ನಡುವಿನ ಪೈಪ್ ಸೋರುತ್ತಿರಬಹುದು. ರಾತ್ರಿ 2 ಗಂಟೆಗೆ, ಹುಡುಗರೆಲ್ಲ ಮಲಗಿದ ಮೇಲೂ ಟ್ಯಾಂಕ್ ಇಳಿಯುತ್ತಲೇ ಇದ್ದರೆ ಫ್ಲಶ್‌ಗಳನ್ನು ನೋಡಿಸಿ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಮೊದಲೇ ಇಡೀ ಕಟ್ಟಡ ಸ್ಕ್ಯಾನ್ ಮಾಡಿಸಿ ಸುಮ್ನೆ ದುಡ್ಡು ಹಾಕಬೇಡಿ. ಪ್ಲಂಬರ್ ಪೈಪ್ ಬದಲಿಸಿದ ದಿನವೇ ಮಾಡೆಲ್‌ನಲ್ಲೂ ತಿದ್ದಿಸಿ.