ತಪ್ಪಾಯಿತು, ತಪ್ಪು ಮಾಡಿದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನನ್ನ ಬಳಿ ಸಲಹೆ ಕೇಳಿ ಬಂದವರು ಶಿಡ್ಲಘಟ್ಟದ ಕಡೆಯವರು, ನಲವತ್ತರ ಆಸುಪಾಸಿನ ಹೆಣ್ಣುಮಗಳು. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ. ದಿನವಿಡೀ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಮಗಳ ಕಾಲೇಜಿಗೆಂದು ಪಕ್ಕದ ಬೀದಿಯವರೊಬ್ಬರ ಬಳಿ ಚೀಟಿ ಹಾಕಿ 42,000 ರೂಪಾಯಿ ಕಟ್ಟಿದ್ದರು. ಚೀಟಿ ಮುಳುಗಿತು. ನಡೆಸುತ್ತಿದ್ದವರನ್ನು ಇವರು ‘ಅಕ್ಕ’ ಎಂದೇ ಕರೆಯುತ್ತಿದ್ದರು. ಆರು ತಿಂಗಳು ತಲೆಮರೆಸಿಕೊಂಡಿದ್ದ ಆ ಅಕ್ಕ ಊರಹಬ್ಬದ ದಿನ ಬಂದು, ದೇವಸ್ಥಾನದ ಮುಂದೆ ಮೈಕು ಹಿಡಿದು ಅತ್ತು ಕ್ಷಮೆ ಕೇಳಿದರು. ಹುಂಡಿಗೆ ತಪ್ಪುಕಾಣಿಕೆಯನ್ನೂ ಹಾಕಿದರು.

“ಊರೆಲ್ಲ ಕ್ಷಮಿಸಿದೆ ಮೇಡಂ. ನನಗೊಬ್ಬಳಿಗೇ ಆಗುತ್ತಿಲ್ಲ. ನನ್ನ ಮನಸ್ಸು ಅಷ್ಟು ಕಲ್ಲಾಯಿತೇ? ರಾತ್ರಿ ನಿದ್ದೆಯೇ ಹತ್ತುವುದಿಲ್ಲ.”

ಅವರ ಮೊಬೈಲಿನಲ್ಲಿದ್ದ ವಿಡಿಯೊವನ್ನು ಇಬ್ಬರೂ ಎರಡು ಸಲ ನೋಡಿದೆವು. “ಕಷ್ಟಕಾಲ ಬಂತು, ದುಡ್ಡು ಕೈಬಿಟ್ಟು ಹೋಯಿತು, ಯಾರಿಗಾದರೂ ನೋವಾಗಿದ್ದರೆ ತಪ್ಪಾಯಿತು.” ಬಂತು, ಹೋಯಿತು, ಆಯಿತು. ಮಾಡಿದವರು ಯಾರು? ‘ತಪ್ಪಾಯಿತು’ ಎಂದವರೆಲ್ಲ ಕಪಟಿಗಳಲ್ಲ. ನಮ್ಮಲ್ಲಿ ಮನಸಾರೆ ನೊಂದವರ ಬಾಯಲ್ಲೂ ಮೊದಲು ಬರುವ ಮಾತು ಅದೇ. ಆದರೆ ಅದರ ಬೆನ್ನಿಗೇ ‘ನಾನು ಮಾಡಿದೆ’ ಎಂಬುದು ಬರಬೇಕು. ಇಲ್ಲಿ ಬರಲಿಲ್ಲ. ಯಾರ ಹಣ, ಎಷ್ಟು, ಏನಾಯಿತು, ಯಾವಾಗ ವಾಪಸು ಎಂಬುದೂ ಇರಲಿಲ್ಲ. ಕಾಣಿಕೆ ದೇವರಿಗೆ ಸಂದಿತ್ತು, ಕಟ್ಟಿದವರಿಗಲ್ಲ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಜನ ಹೆಚ್ಚು ಬೆಲೆ ಕೊಟ್ಟಿದ್ದು ಹೊಣೆ ಒಪ್ಪಿಕೊಳ್ಳುವುದಕ್ಕೆ, ಆಮೇಲೆ ನಷ್ಟ ತುಂಬಿಕೊಡುವ ಮಾತಿಗೆ. ‘ಕ್ಷಮಿಸಿಬಿಡಿ’ ಎಂಬ ಬೇಡಿಕೆಗೆ ಸಿಕ್ಕಿದ್ದು ಕೊನೆಯ ಸ್ಥಾನ.

ನಾನು ಹೇಳಿದ್ದು ಇಷ್ಟು. ಆ ಕಣ್ಣೀರು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಭಾರ ನಿಮ್ಮದಲ್ಲಮ್ಮ. ನನಗೂ ಅದು ತಿಳಿಯದು. ಸಿಕ್ಕಿಬಿದ್ದ ಅವಮಾನಕ್ಕೂ ಅಳು ಬರುತ್ತದೆ, ಪಶ್ಚಾತ್ತಾಪಕ್ಕೂ ಬರುತ್ತದೆ. ಮೈಕಿಲ್ಲದ ಕಡೆ ಅವರು ಹೇಗಿರುತ್ತಾರೆ ನೋಡಿ. ನಿಮ್ಮ ಲೆಕ್ಕವನ್ನು ನೇರವಾಗಿ ಕೇಳಿ. ಕೇಳಿದಾಗ ತಲೆ ತಗ್ಗಿಸುತ್ತಾರೋ, ಸಿಡುಕುತ್ತಾರೋ ಗಮನಿಸಿ. ಕ್ಷಮಿಸುವುದು ಬೇರೆ, ಬಾಕಿ ಬಿಟ್ಟುಕೊಡುವುದು ಬೇರೆ. ಒಂದನ್ನು ಮಾಡಿದ ಮಾತ್ರಕ್ಕೆ ಇನ್ನೊಂದನ್ನೂ ಮಾಡಬೇಕಾಗಿಲ್ಲ. ಮಾತು ಮುರಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ನಾದಿನಿಯನ್ನು ಕರೆದುಕೊಂಡು ಹೋಗಿ ಕೇಳಿದರಂತೆ. “ಊರೆದುರು ಕೇಳಿದ್ದಾಯಿತಲ್ಲ, ಇನ್ನೇನು ಕಾಲು ಹಿಡಿಯಬೇಕೇ?” ಎಂದು ಬಾಗಿಲಲ್ಲೇ ಉತ್ತರ. ಅಂದು ರಾತ್ರಿ ಇವರಿಗೆ ಎಷ್ಟೋ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತಂತೆ. ನನಗೆ ಅದು ಆಶ್ಚರ್ಯವೆನಿಸಲಿಲ್ಲ. ತನ್ನ ಮನಸ್ಸು ಕಲ್ಲಲ್ಲ ಎಂಬುದು ಅವರಿಗೆ ಖಾತ್ರಿಯಾಗಿತ್ತು.

ಹತ್ತು ದಿನ ಕಳೆದ ಮೇಲೆ ಅಕ್ಕ ಕತ್ತಲಾದ ನಂತರ ಒಬ್ಬರೇ ಬಂದರು. ಅಳಲಿಲ್ಲ. ಹಳೆಯ ಚೀಟಿ ಪುಸ್ತಕದಲ್ಲಿ 42,000 ಎಂದು ಬರೆದು ಸಹಿ ಹಾಕಿ, “ನಿನ್ನ ದುಡ್ಡು ನನ್ನ ಮಗನ ಆಟೋಗೆ ಹಾಕಿದೆ” ಎಂದು 3,000 ರೂಪಾಯಿ ಎಣಿಸಿಟ್ಟರು.

“ಕಾಫಿ ಕೊಡಬೇಕು ಎನ್ನಿಸಲಿಲ್ಲ ಮೇಡಂ.”

“ಇವತ್ತಿಗೆ ಕೊಡುವುದು ಬೇಡ” ಎಂದೆ. ಮುಂದಿನ ಕಂತಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ.