ಕಾದಂಬರಿಯ ಹೋಲಿಕೆಗಳಲ್ಲಿ ಇಬ್ಬರ ಪ್ರೀತಿಯನ್ನು ಗುರುತಿಸುವುದು ಹೇಗೆ?

ಆ ಇಬ್ಬರ ಬಗ್ಗೆ ಬರುವ ಹೋಲಿಕೆಗಳನ್ನೆಲ್ಲ ಪುಟಸಂಖ್ಯೆ ಸಮೇತ ಬರೆದುಕೊಳ್ಳಿ. ಪ್ರತಿಯೊಂದೂ ಯಾರ ಮಾತು ಎಂಬುದನ್ನೂ ಗುರುತು ಹಾಕಿ: ಅವನದೋ, ಅವಳದೋ, ನಿರೂಪಕರದೋ. ಹೆಚ್ಚಿನವರು ಎಡವುವುದು ಇಲ್ಲೇ. ಅವನೊಬ್ಬನ ಆಸೆಯನ್ನು ಇಬ್ಬರ ಪ್ರೀತಿ ಎಂದು ಓದಿಬಿಡುತ್ತಾರೆ.

ಆಮೇಲೆ ಉಪಮೇಯ (ಯಾವುದನ್ನು ಹೋಲಿಸಿದೆ), ಉಪಮಾನ (ಯಾವುದಕ್ಕೆ ಹೋಲಿಸಿದೆ), ವಾಚಕ (‘ಅಂತೆ’, ‘ಹಾಗೆ’ಯಂಥ ಪದ), ಸಮಾನಧರ್ಮ (ಎರಡಕ್ಕೂ ಇರುವ ಒಂದೇ ಗುಣ) ಬಿಡಿಸಿ. ಸಮಾನಧರ್ಮವನ್ನು ಲೇಖಕರು ಬಾಯಿಬಿಟ್ಟು ಹೇಳುವುದು ಕಡಿಮೆ, ಹುಡುಕಬೇಕಾದದ್ದು ಅದನ್ನೇ. ಬಾಗಲಕೋಟೆ ಕಡೆಯ ಕಥೆಯಲ್ಲಿ ಹೆಂಡತಿಯೊಬ್ಬಳು, ‘ಇಳಕಲ್ ಸೀರಿಗೆ ಸೆರಗು ಕೂಡಿದಂಗ ಕೂಡೇವಿ’ ಅನ್ನುತ್ತಾಳೆ ಎಂದುಕೊಳ್ಳಿ. ‘ಅನ್ಯೋನ್ಯ ದಾಂಪತ್ಯ’ ಎಂದು ಬರೆದರೆ ಸಾಲದು. ಆ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಅಂದರೆ ಇವರು ಒಂದೇ ನೂಲಿನವರಲ್ಲ; ಈ ಕೂಡಿಕೆ ತಾನಾಗಿ ಆದದ್ದಲ್ಲ, ತಾಳ್ಮೆಯಿಂದ ಮಾಡಿಕೊಂಡದ್ದು. ಹೇಳಿದವಳು ನೇಕಾರರ ಮನೆಯವಳಾದರೆ ಈ ಅರ್ಥಕ್ಕೆ ಇನ್ನೂ ಬಲ ಬರುತ್ತದೆ.

ಮುಂದೆ ಅದೇ ಚಿತ್ರ ಬದಲಾಗುತ್ತದೆಯೇ ನೋಡಿ. ಹತ್ತು ಅಧ್ಯಾಯದ ನಂತರ ಅವಳ ಸೆರಗು ಕೂಡಿಕೆಯಲ್ಲೇ ಪಿಸಿದರೆ, ಜಗಳದ ದೃಶ್ಯ ಇಲ್ಲದೆಯೇ ಬಿರುಕು ಕಂಡಂತಾಯಿತು. ಚಂದ್ರ, ಕಮಲದಂಥ ಸವೆದ ಹೋಲಿಕೆಗಳ ಮೇಲೆ ಮಾತ್ರ ಇಷ್ಟು ಭಾರ ಹೊರಿಸಬೇಡಿ.